ಪುಟ್ಟಸ್ವಾಮಿ ಪ್ರಕರಣ (ಆಧಾರ್)

ಪುಟ್ಟಸ್ವಾಮಿ ಪ್ರಕರಣವು ಆಧಾರ್ ಗುರುತಿನ ಯೋಜನೆಯನ್ನು ಪ್ರಶ್ನಿಸಿ ಭಾರತದ ಸರ್ವೋಚ್ಚ ನ್ಯಾಯಾಲಯದಲ್ಲಿ ನಡೆದ ಮೊಕದ್ದಮೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು (1926–2024) 2012ರಲ್ಲಿ ಇದನ್ನು ಹೂಡಿದಾಗ ಅವರಿಗೆ 86 ವರ್ಷ. ಆಗ ಯೋಜನೆಗೆ ಸಂಸತ್ತಿನ ಕಾಯಿದೆಯ ಆಧಾರವೇ ಇರಲಿಲ್ಲ. ಕಾಯಿದೆ ಬಂದದ್ದು 2016ರಲ್ಲಿ. ಜನರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತುಗಳನ್ನು ಕಾದಿರಿಸುವ ದತ್ತಾಂಶ ಕೇಂದ್ರಗಳಲ್ಲಿ ಒಂದು ಉತ್ತರ ಬೆಂಗಳೂರಿನ ಹೆಬ್ಬಾಳ ಭಾಗದಲ್ಲಿದೆ.

ಖಾಸಗಿತನವು ಮೂಲಭೂತ ಹಕ್ಕಲ್ಲವೆಂದು ಕೇಂದ್ರ ಸರ್ಕಾರ 2015ರಲ್ಲಿ ವಾದಿಸಿತು. 2017ರಲ್ಲಿ ಪ್ಯಾನ್–ಆಧಾರ್ ಜೋಡಣೆಯ ಬೇರೊಂದು ಮೊಕದ್ದಮೆಯಲ್ಲಿ ಅಟಾರ್ನಿ ಜನರಲ್ ಅವರು, ಪ್ರಜೆಗೆ ತನ್ನ ದೇಹದ ಮೇಲೆಯೂ ಪರಿಪೂರ್ಣ ಹಕ್ಕಿಲ್ಲವೆಂದರು. ವಿವಾದದ ತಿರುಳು ಈ ಮಾತಿನಲ್ಲಿಯೇ ಇದೆ. ಅದೇ ವರ್ಷ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಖಾಸಗಿತನವು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಅಡಕವಾಗಿದೆಯೆಂದು ಒಮ್ಮತದಿಂದ ಸಾರಿತು.

2018ರ ಸೆಪ್ಟೆಂಬರ್ 26ರಂದು ಐವರ ಪೀಠವು 4:1 ಬಹುಮತದಿಂದ ಯೋಜನೆಯನ್ನು ಎತ್ತಿಹಿಡಿಯಿತು. ಬ್ಯಾಂಕ್ ಖಾತೆ, ಮೊಬೈಲ್ ಸಿಮ್‌ಗಳಿಗೆ ಆಧಾರ್ ಕಡ್ಡಾಯವೆಂಬುದು ರದ್ದಾಯಿತು. ಆದಾಯ ತೆರಿಗೆಗೂ ಸಹಾಯಧನಗಳಿಗೂ ಉಳಿಯಿತು. ಕೂಲಿ ಕೆಲಸದಿಂದ ಬೆರಳ ಗೆರೆ ಸವೆದವರನ್ನು, ವಯೋವೃದ್ಧರನ್ನು ಯಂತ್ರ ಗುರುತಿಸದಿದ್ದರೆ ಪಡಿತರವೇ ತಪ್ಪುವ ಅಪಾಯವನ್ನು ಅರ್ಜಿದಾರರು ಮುಂದಿಟ್ಟಿದ್ದರು. ಭಿನ್ನ ತೀರ್ಪಿತ್ತ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರು, ಕಾಯಿದೆಯನ್ನು ಧನ ವಿಧೇಯಕವಾಗಿ ಅಂಗೀಕರಿಸಿದ್ದೇ ಸಂವಿಧಾನಬಾಹಿರವೆಂದರು.