ಅಭಿವೃದ್ಧಿಯ ಮುಂದಾಳುಗಳು ಎಲ್ಲಿಂದ ಬಂದರು?

ಕರ್ನಾಟಕ ಇಡಿಯಾಗಿ ಉಷ್ಣವಲಯದೊಳಗಿದೆ. ಆದರೂ ಆಗುಂಬೆಯಲ್ಲಿ ವರ್ಷಕ್ಕೆ ಸುರಿಯುವ ಮಳೆ ರಾಯಚೂರಿನ ಮಳೆಯ ಹತ್ತು ಪಟ್ಟಿಗೂ ಹೆಚ್ಚು. ಅಲ್ಲಿ ನೀರು ಹೆಚ್ಚಾಗಿ ಅಡಿಕೆ ಕೊಳೆತರೆ ಇಲ್ಲಿ ನೀರಿಲ್ಲದೆ ಜೋಳ ಒಣಗುತ್ತದೆ. ಇಂಥ ನಾಡಿನ ಬೇರೆ ಬೇರೆ ಸೀಮೆಗಳನ್ನು ಮುಂದೆ ತರುವ ಹೊಣೆಯನ್ನು ಕಳೆದ ನೂರನಲವತ್ತು ವರ್ಷಗಳಲ್ಲಿ ಹೊತ್ತವರು ಯಾರು? ಅವರ ಓದು ಏನು, ಕಸುಬು ಯಾವುದು? ನಮ್ಮಲ್ಲಿ ಯೋಜನೆಗಳ ಚರಿತ್ರೆ ಬಂದಿದೆ, ದಿವಾನರ ಜೀವನಚರಿತ್ರೆಗಳೂ ಬಂದಿವೆ. ಮುಂದಾಳಿನ ಹಿನ್ನೆಲೆಗೂ ಅವನು ರೂಪಿಸಿದ ಯೋಜನೆಗೂ ಇರುವ ನಂಟನ್ನು ಮಾತ್ರ ಸಾಕಷ್ಟು ಗಮನಿಸಿಲ್ಲ. ಒಬ್ಬನ ಕಣ್ಣಿಗೆ ಏನು ಬೀಳುತ್ತದೆ, ಏನು ಬೀಳುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಅವನ ಕಸುಬೇ ತೀರ್ಮಾನಿಸುತ್ತದೆ ಎಂಬುದು ಈ ಲೇಖನದ ವಾದ.

1876-78ರ ಭೀಕರ ಕ್ಷಾಮದಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರೆಂಬ ಅಂದಾಜಿದೆ. ಆ ನೆನಪು ಹಸಿಯಾಗಿದ್ದಾಗಲೇ ಅಧಿಕಾರಕ್ಕೆ ಬಂದ ದಿವಾನ್ ರಂಗಾಚಾರ್ಲು, ಆಮೇಲಿನ ಶೇಷಾದ್ರಿ ಅಯ್ಯರ್ ಇಬ್ಬರೂ ಆಡಳಿತದಲ್ಲಿ ಪಳಗಿದವರು. ಲೆಕ್ಕ, ಕಾನೂನು, ಕಂದಾಯ ಅವರ ಬಲ. 1881ರ ಪ್ರಜಾಪ್ರತಿನಿಧಿ ಸಭೆ ಮತ್ತು ರೈಲು ಮಾರ್ಗಗಳ ವಿಸ್ತರಣೆಯಲ್ಲಿ ಆ ಬಲ ಕಾಣುತ್ತದೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿ ತಲುಪಿತು.

ಅವರ ನಂತರ ಬಂದದ್ದು ಎಂಜಿನಿಯರ್ ಯುಗ. ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯ ಪುಣೆಯಲ್ಲಿ ಎಂಜಿನಿಯರಿಂಗ್ ಓದಿ, ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿ ದುಡಿದು, 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರಾಗಿ ಬಂದರು. 1912ರಿಂದ 1918ರವರೆಗೆ ದಿವಾನರಾಗಿದ್ದರು. ಕನ್ನಂಬಾಡಿ ಕಟ್ಟೆ, 1913ರ ಮೈಸೂರು ಬ್ಯಾಂಕು, 1916ರ ವಿಶ್ವವಿದ್ಯಾನಿಲಯ, ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಎಲ್ಲವೂ ಕನ್ನಡಿಗರಿಗೆ ಬಾಯಿಪಾಠ. ಬಡತನಕ್ಕೆ ಕಾರಣ ಹಣೆಬರಹವಲ್ಲ, ಲೆಕ್ಕ ಹಾಕಿ ಅದನ್ನು ನೀಗಬಹುದು ಎಂಬ ನಂಬಿಕೆಯನ್ನು ಅವರು ಒಂದು ಇಡೀ ನಾಡಿಗೆ ಕಲಿಸಿದರು. ಮಂಡ್ಯದ ಹಸಿರಿನಲ್ಲಿ ಅವರ ಕಸುಬಿನ ಫಲವಿದೆ. ಅದೇ ಕಸುಬು ಕಡೆಗಣಿಸಿದ್ದೂ ಉಂಟು: ಭದ್ರಾವತಿಯ ಕುಲುಮೆಗೆ ಬೇಕಾದ ಇದ್ದಿಲಿಗಾಗಿ ದಶಕಗಟ್ಟಲೆ ಉರುಳಿದ ಮಲೆನಾಡಿನ ಮರಗಳು ಆ ಲೆಕ್ಕದಲ್ಲಿ ಬರೀ ಕಚ್ಚಾವಸ್ತುವಾಗಿದ್ದವು.

ವಿಶ್ವೇಶ್ವರಯ್ಯನವರ ಹೆಸರಿನ ಪ್ರಭೆಯಲ್ಲಿ ಇನ್ನೊಬ್ಬರು ಮರೆಯಾಗಿದ್ದಾರೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರಿಗೆ ಬಂದದ್ದು ಶಿಲೀಂಧ್ರ ಮತ್ತು ಕೀಟಗಳ ತಜ್ಞರಾಗಿ. ಮಲೆನಾಡಿನ ಅಡಿಕೆ ತೋಟಗಳಿಗೆ ಆಗ ಕೊಳೆರೋಗದ ಕಾಟ. ಆಷಾಢ, ಶ್ರಾವಣದ ಜಡಿಮಳೆಯಲ್ಲಿ ಎಳೆಕಾಯಿ ಕೊಳೆತು ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆ ನೀರು ತಾಗದಂತೆ ಕಾಪಾಡುವುದು ತೋಟಿಗರು ಬಲ್ಲ ಉಪಾಯ. ಆದರೆ ಒಂದೊಂದು ಮರವನ್ನೂ ಹತ್ತಿ ಒಂದೊಂದು ಕೊನೆಗೂ ಕಟ್ಟಬೇಕಿತ್ತು. ಕೋಲ್ಮನ್ ತೋಟಗಳಿಗೆ ಹೋಗಿ, ರೋಗದ ಬೂಸ್ಟನ್ನು ಗುರುತಿಸಿ, 1910ರಲ್ಲಿ ಅದರ ಬಗ್ಗೆ ಪ್ರಬಂಧ ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲದ ಮೊದಲೇ ಕೊನೆಗೆ ಸಿಂಪಡಿಸಿದರೆ ಕಾಯಿ ಉಳಿಯುತ್ತದೆಂದು ಮಾಡಿ ತೋರಿಸಿದರು. ಇವತ್ತಿಗೂ ತೀರ್ಥಹಳ್ಳಿ, ಶೃಂಗೇರಿ, ಶಿರಸಿಯ ಕಡೆ ಮುಂಗಾರು ಹತ್ತಿರವಾದರೆ ಬ್ಯಾರಲ್ಲಿನಲ್ಲಿ ಅದೇ ನೀಲಿ ಮದ್ದು ಕದಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹದ ಬಂತೇ ಎಂದು ನೋಡಲು ಕಬ್ಬಿಣದ ಚೂರಿಯ ಅಲಗನ್ನು ಅದ್ದುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡನಿಗೆ ಕೋಲ್ಮನ್ ಹೆಸರು ಗೊತ್ತಿರಬೇಕಿಲ್ಲ, ಮದ್ದಂತೂ ಉಳಿದಿದೆ.

ಮುಂದೆ ಅವರು ಸಂಸ್ಥಾನದ ಕೃಷಿ ಇಲಾಖೆಯ ನಿರ್ದೇಶಕರಾದರು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. 1933ರಲ್ಲಿ ಮಿರ್ಜಾ ಇಸ್ಮಾಯಿಲ್ ದಿವಾನಗಿರಿಯಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಎರಡರ ಹಿಂದೆಯೂ ಕೋಲ್ಮನ್ನರ ದುಡಿಮೆಯಿದೆ. ಎಂಜಿನಿಯರ್ ನೀರು ತಂದರೆ, ಆ ನೀರಿನಲ್ಲಿ ಏನು ಬೆಳೆದರೆ ರೈತನಿಗೆ ಕಾಸು ಸಿಗುತ್ತದೆಂದು ಹೇಳಿದವರು ಬೆಳೆ ಬಲ್ಲವರು. ಈ ಜೋಡಿ ಹಳೇ ಮೈಸೂರಿನ ಅದೃಷ್ಟ.

ಮಂಗಳೂರು, ಉಡುಪಿಯ ಕರಾವಳಿಯ ಕತೆ ಪೂರ್ತಿ ಬೇರೆ. ಅದು ಆಗ ಮದ್ರಾಸ್ ಪ್ರಾಂತದ ಒಂದು ಮೂಲೆಯ ಜಿಲ್ಲೆ. ದಿವಾನರಿಲ್ಲ, ಯೋಜನೆಯಿಲ್ಲ. ಅಲ್ಲಿ ಮುಂದಾಳುಗಳಾದವರು ವಕೀಲರು, ವ್ಯಾಪಾರಿಗಳು, ವೈದ್ಯರು. 1906ರಲ್ಲಿ ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಈಗಿನ ಕೆನರಾ ಬ್ಯಾಂಕಿನ ಮೂಲ ನಿಧಿಯನ್ನೂ, ಅದೇ ವರ್ಷ ಉಡುಪಿಯಲ್ಲಿ ವ್ಯಾಪಾರಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆದ ಸಂಸ್ಥೆಯನ್ನೂ ಹುಟ್ಟುಹಾಕಿದರು. 1925ರಲ್ಲಿ ಡಾಕ್ಟರ್ ಟಿ.ಎಂ.ಎ. ಪೈ, ವ್ಯಾಪಾರಿಯಾಗಿದ್ದ ಅವರ ಅಣ್ಣ ಉಪೇಂದ್ರ ಪೈ, ಎಂಜಿನಿಯರ್ ವಾಮನ ಕುಡ್ವ ಮೂವರೂ ಸೇರಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು 8,000 ರೂಪಾಯಿ ಬಂಡವಾಳದಲ್ಲಿ ಸಿಂಡಿಕೇಟ್ ಬ್ಯಾಂಕಿನ ಅಡಿಗಲ್ಲು ಹಾಕಿದರು. 1928ರಲ್ಲಿ ಬಂದ ಪಿಗ್ಮಿ ಠೇವಣಿಯಲ್ಲಿ ಏಜೆಂಟ್ ದಿನವೂ ಅಂಗಡಿ ಬಾಗಿಲಿಗೆ, ಮನೆ ಬಾಗಿಲಿಗೆ ಬಂದು ಎರಡಾಣೆ ಪಡೆದು ಪುಸ್ತಕದಲ್ಲಿ ಬರೆದುಕೊಂಡು ಹೋಗುತ್ತಿದ್ದ. ಬಡವನ ಹತ್ತಿರ ಉಳಿತಾಯವೇ ಇಲ್ಲ ಎಂಬ ಮಾತನ್ನು ಆ ಎರಡಾಣೆ ಸುಳ್ಳು ಮಾಡಿತು. ಮನೆ ಮನೆಯ ಕಷ್ಟ ಬಲ್ಲ ವೈದ್ಯನೊಬ್ಬ ಈ ಬ್ಯಾಂಕ್ ಕಟ್ಟಿದವರ ನಡುವೆ ಇದ್ದುದು ಆಕಸ್ಮಿಕವಲ್ಲ ಎಂದೇ ನನ್ನ ಭಾವನೆ.

1956ರಲ್ಲಿ ಏಕೀಕರಣವಾದಾಗ ಈ ಎರಡು ಸೀಮೆಗಳಿಗಿಂತ ಬಹಳ ಹಿಂದೆ ಉಳಿದಿದ್ದದ್ದು ಹಿಂದೆ ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು. ಅಲ್ಲಿಗೂ ಮೊದಲು ಹೋದದ್ದು ಅಣೆಕಟ್ಟು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ರೂಪಿಸಿದ್ದೇ ಬರದ ಸೀಮೆಗೆ ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚು ಎಕರೆಗೆ ಹಂಚಲು. ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳು ಆ ಲೆಕ್ಕದಲ್ಲಿದ್ದವು. ನೀರು ಬಂದಾಗ ಆಂಧ್ರದ ಕರಾವಳಿಯಿಂದ ಭತ್ತ ಬಲ್ಲ ರೈತರೂ ಬಂದು ಗಂಗಾವತಿ, ಸಿಂಧನೂರಿನ ಸುತ್ತ ಕ್ಯಾಂಪುಗಳನ್ನು ಕಟ್ಟಿಕೊಂಡರು. ಕಾಲುವೆಯ ಮೇಲ್ಭಾಗವೆಲ್ಲ ಗದ್ದೆಯಾಯಿತು, ಕೊನೆಭಾಗದ ರಾಯಚೂರಿನ ರೈತರು ಇಂದಿಗೂ ನೀರಿಗಾಗಿ ಧರಣಿ ಕೂರುತ್ತಾರೆ. ನೀರು ಸಿಕ್ಕವನು ಏನು ಮಾಡುತ್ತಾನೆ ಎಂಬುದಕ್ಕೆ ನಕ್ಷೆಯಲ್ಲಿ ಜಾಗವಿರಲಿಲ್ಲ.

ಉಷ್ಣವಲಯದ ಇನ್ನೊಂದು ತುದಿಯಲ್ಲಿ, ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ, ಇದೇ ಪಾಠ ಮೊದಲೇ ಸಿಕ್ಕಿತ್ತು. ಅಲ್ಲಿ 1909ರಿಂದ ಬರ ಪರಿಹಾರದ ಇಲಾಖೆ ಎಂಜಿನಿಯರುಗಳ ಕೈಯಲ್ಲಿತ್ತು. ಕಟ್ಟಿಸಿದ ಜಲಾಶಯಗಳ ಲಾಭ ಬಹುಪಾಲು ದೊಡ್ಡ ಜಮೀನ್ದಾರರ ಪಾಲಾಯಿತು. ಅದೇ ಬರದ ಸೀಮೆಯ ಪರೈಬಾದಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಸೆಲ್ಸೊ ಫುರ್ತಾದೊ, ಬರಕ್ಕಿಂತ ಭೂ ಒಡೆತನವೂ ಕೂಲಿಯೂ ದೊಡ್ಡ ಪ್ರಶ್ನೆ ಎಂದು ವಾದಿಸಿದರು. 1959ರಲ್ಲಿ ಆ ಪ್ರದೇಶಕ್ಕೆಂದೇ ಸ್ಥಾಪನೆಯಾದ ಅಭಿವೃದ್ಧಿ ಸಂಸ್ಥೆಯ ಮುಖ್ಯಸ್ಥರಾದರು. 1964ರ ಸೇನಾ ದಂಗೆಯ ಬಳಿಕ ಅವರ ರಾಜಕೀಯ ಹಕ್ಕುಗಳನ್ನೇ ಕಿತ್ತುಕೊಂಡು ದೇಶ ಬಿಡುವಂತೆ ಮಾಡಿದರು.

ನಮ್ಮಲ್ಲಿ ಅರ್ಥಶಾಸ್ತ್ರಜ್ಞರ ಸರದಿ ತಡವಾಗಿ ಬಂತು. ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯೂ ಆಗಿದ್ದ ಡಿ.ಎಂ. ನಂಜುಂಡಪ್ಪನವರ ಸಮಿತಿ ಪ್ರಾದೇಶಿಕ ಅಸಮತೋಲನದ ಬಗ್ಗೆ 2002ರಲ್ಲಿ ವರದಿ ಕೊಟ್ಟಿತು. 35 ಮಾನದಂಡಗಳನ್ನು ಇಟ್ಟುಕೊಂಡು ಅಂದಿನ 175 ತಾಲ್ಲೂಕುಗಳನ್ನು ಅಳೆದಾಗ 114 ಹಿಂದುಳಿದಿದ್ದವು. ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 26 ಉತ್ತರ ಕರ್ನಾಟಕದವು. ಉತ್ತರ ಕರ್ನಾಟಕದ ಜನ ದಶಕಗಳಿಂದ ಹೇಳುತ್ತಿದ್ದ ನೋವಿಗೆ ಅಂಕಿಯ ಆಧಾರ ಸಿಕ್ಕಿತು. ದಕ್ಷಿಣದಲ್ಲೂ ಹಿಂದುಳಿದ ತಾಲ್ಲೂಕುಗಳಿವೆಯೆಂದು ಅದೇ ವರದಿ ತೋರಿಸಿತು. ಇಂದು ಶಾಸಕರಿಂದ ಪತ್ರಕರ್ತರವರೆಗೆ ಎಲ್ಲರೂ ರಾಯಚೂರು ಜಿಲ್ಲೆಯ ದೇವದುರ್ಗದಂಥ ಹಿಂದುಳಿದ ತಾಲ್ಲೂಕಿನ ಬಗ್ಗೆ ಮಾತಾಡುವುದು ನಂಜುಂಡಪ್ಪನವರ ಭಾಷೆಯಲ್ಲೇ. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡಲು 2012ರಲ್ಲಿ ಸಂಸತ್ತು ಒಪ್ಪಿದ 371 ಜೆ ವಿಧಿಯ ಹಿಂದೆ ವೈಜನಾಥ ಪಾಟೀಲರಂಥ ಹೋರಾಟಗಾರರ ದುಡಿಮೆ ಇದೆ. ಆ ಬೇಡಿಕೆಗೆ ನಂಜುಂಡಪ್ಪ ವರದಿ ಬಲ ತುಂಬಿತು. 2024ರಲ್ಲಿ ಸರ್ಕಾರ ಅದೇ ಪ್ರಶ್ನೆಯನ್ನು ಮತ್ತೆ ಒಬ್ಬ ಅರ್ಥಶಾಸ್ತ್ರಜ್ಞರಿಗೆ, ಎಂ. ಗೋವಿಂದರಾವ್ ಅವರಿಗೆ, ಒಪ್ಪಿಸಿತು.

ಸೂಚ್ಯಂಕ ಎಲ್ಲಿ ಕೊರತೆ ಇದೆಯೆಂದು ಹೇಳುತ್ತದೆ, ಏಕಿದೆಯೆಂದು ಹೇಳುವುದಿಲ್ಲ. ಅದನ್ನು ಬಲ್ಲವರು ಸ್ಥಳದವರೇ ಎಂದು ನಂಬಿ ಕಾನೂನು ಮಾಡಿದ ರಾಜಕಾರಣಿ ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಈ ಮಂತ್ರಿ 1983ರ ಜಿಲ್ಲಾ ಪರಿಷತ್ ಕಾಯ್ದೆಯ ಹಿಂದಿನ ಶಕ್ತಿ. 1987ರಲ್ಲಿ ಚುನಾವಣೆ ನಡೆದು, ಶೇ. 25 ಸ್ಥಾನ ಮಹಿಳೆಯರಿಗೆ ಮೀಸಲಾಯಿತು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಮರುವರ್ಷವೇ ನಜೀರ್ ಸಾಬ್ ತೀರಿಕೊಂಡರು. ಅವರು ಇನ್ನು ಹತ್ತು ವರ್ಷ ಬದುಕಿದ್ದರೆ ನಂಜುಂಡಪ್ಪ ಸಮಿತಿಗೆ ಇಷ್ಟು ಕೆಲಸ ಇರುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಈ ಚರಿತ್ರೆಯಲ್ಲಿ ಹಿನ್ನೆಲೆಯ ಪ್ರಶ್ನೆ ಅತ್ಯಂತ ನಿಚ್ಚಳವಾಗಿ ಕಾಣುವುದು ಪಶ್ಚಿಮ ಘಟ್ಟದಲ್ಲಿ. ಹಾರ್ವರ್ಡ್‌ನಲ್ಲಿ ಗಣಿತದ ನೆರವಿನಿಂದ ಜೀವಿಶಾಸ್ತ್ರ ಓದಿದ ಮಾಧವ ಗಾಡ್ಗೀಳ್ 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಕಾಗದದ ಕಾರ್ಖಾನೆಗಳಿಗೆ ಹೋಗುತ್ತಿದ್ದ ಉತ್ತರ ಕನ್ನಡದ ಬಿದಿರು ಏಕೆ ಕರಗುತ್ತಿದೆ ಎಂದು ನೋಡಲು ಹೊರಟರು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಕಂಟಿ ಹೆಣೆದುಕೊಂಡಿರುತ್ತದೆ. ಮೆಳೆ ಚೊಕ್ಕಟವಾಗಿ ಬೆಳೆಯಲಿ ಎಂದು ಅರಣ್ಯ ಇಲಾಖೆ ಅದನ್ನು ಸವರಿಸುತ್ತಿತ್ತು. ಮುಳ್ಳು ಹೋದರೆ ದನ, ಕಾಡುಪ್ರಾಣಿಗಳು ಎಳೆ ಕಳಲೆಯನ್ನು ಮೇಯುತ್ತವೆ ಎಂಬುದು ಹಳ್ಳಿಯವರಿಗೆ ಗೊತ್ತಿತ್ತು. ಅಳತೆ ಮಾಡಿ ನೋಡಿದಾಗ ಹಳ್ಳಿಯವರ ಮಾತೇ ಸರಿಯಾಗಿತ್ತು. ಗಾಡ್ಗೀಳರ ಮುಂದಿನ ಬದುಕಿನ ದಿಕ್ಕನ್ನು ಈ ಮುಳ್ಳುಕಂಟಿ ಬದಲಿಸಿತು ಎಂದರೆ ಅತಿಶಯೋಕ್ತಿಯಲ್ಲ. 2011ರಲ್ಲಿ ಅವರ ಅಧ್ಯಕ್ಷತೆಯ ಸಮಿತಿ ಪಶ್ಚಿಮ ಘಟ್ಟದ ವರದಿ ಕೊಟ್ಟಾಗ ಅದರ ಜೀವಾಳ ಗ್ರಾಮಸಭೆಯಾಗಿತ್ತು: ಎಲ್ಲಿ ಏನು ಆಗಬೇಕೆಂದು ಊರವರೇ ಚರ್ಚಿಸಿ ಹೇಳಬೇಕು.

ಆ ವರದಿ ಒಪ್ಪಿಗೆಯಾಗದೆ, 2012ರಲ್ಲಿ ಇನ್ನೊಂದು ತಂಡವನ್ನು ಕೆ. ಕಸ್ತೂರಿರಂಗನ್ ನೇತೃತ್ವದಲ್ಲಿ ರಚಿಸಿದರು. ಅವರು ಖಭೌತ ವಿಜ್ಞಾನಿ, ಇಸ್ರೋ ಅಧ್ಯಕ್ಷರಾಗಿದ್ದವರು. ದೂರಸಂವೇದಿ ಉಪಗ್ರಹಗಳನ್ನು ದೇಶಕ್ಕೆ ಕೊಟ್ಟ ಪೀಳಿಗೆಯ ಹಿರಿಯರು. ಅವರ ತಂಡ ಉಪಗ್ರಹ ಚಿತ್ರಗಳಿಂದ ನೈಸರ್ಗಿಕ ಭೂದೃಶ್ಯವನ್ನೂ ತೋಟ, ಊರುಗಳಿರುವ ಭೂದೃಶ್ಯವನ್ನೂ ಬೇರ್ಪಡಿಸಿ, ಘಟ್ಟದ ಶೇ. 37 ಭಾಗವನ್ನು ಸೂಕ್ಷ್ಮ ಪ್ರದೇಶವೆಂದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಇಬ್ಬರೂ ದೊಡ್ಡ ವಿಜ್ಞಾನಿಗಳು, ಇಬ್ಬರಿಗೂ ಘಟ್ಟ ಉಳಿಯಬೇಕೆಂಬ ಕಳಕಳಿ. ಆದರೆ ಕಾಳುಮೆಣಸಿನ ಬಳ್ಳಿ ಹಬ್ಬಿದ ತೋಟ, ಅದಕ್ಕೆ ಸೊಪ್ಪು ಕೊಡುವ ಬೆಟ್ಟ, ಅದರಾಚೆಯ ಕಾಡು ಒಂದರೊಳಗೊಂದು ಸೇರಿರುವ ಮಲೆನಾಡಿನಲ್ಲಿ ಆಕಾಶದಿಂದ ಎಳೆದ ಗೆರೆ ನಿಲ್ಲುವುದು ಕಷ್ಟ. ಮಲೆನಾಡಿನ ಮನೆಗಳಿಗೆ ಎರಡೂ ವರದಿಗಳಿಗಿಂತ ಮೊದಲು ತಲುಪಿದ್ದು ಒಕ್ಕಲೆಬ್ಬಿಸುತ್ತಾರಂತೆ ಎಂಬ ಭಯ. ಸೂಕ್ಷ್ಮ ಪ್ರದೇಶವನ್ನು ಘೋಷಿಸುವ ಕೇಂದ್ರದ ಕರಡು ಅಧಿಸೂಚನೆ 2024ರ ಜುಲೈನಲ್ಲಿ ಆರನೇ ಬಾರಿ ಹೊರಬಿತ್ತು, ಕರ್ನಾಟಕ ಸರ್ಕಾರ ಮತ್ತೆ ಬೇಡವೆಂದಿತು. ನನ್ನ ತೀರ್ಪು ಗಾಡ್ಗೀಳರ ಪರ. ಘಟ್ಟವನ್ನು ಅವರು ವಿಂಗಡಿಸಿದ ವಲಯಗಳ ಗೆರೆಗಳ ಬಗ್ಗೆ ತಕರಾರು ಇರಬಹುದು, ಊರವರನ್ನು ಕೇಳುವ ಕ್ರಮದ ಬಗ್ಗೆ ತಕರಾರಿಗೆ ಎಡೆಯಿಲ್ಲ.

ಹಾಗೆ ಕೇಳಿದರೆ ಫಲವಿದೆ ಎಂಬುದಕ್ಕೆ ಬಿಳಿಗಿರಿರಂಗನ ಬೆಟ್ಟವಿದೆ. ಡಾ. ಎಚ್. ಸುದರ್ಶನ್ ಅಲ್ಲಿಗೆ ಹೋದದ್ದು ವೈದ್ಯರಾಗಿ. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆರಂಭವಾಯಿತು. ಅಲ್ಲಿನ ಗಿರಿಜನರಾದ ಸೋಲಿಗರ ಜೊತೆ ಬಾಳಿದ ಮೇಲೆ ಅದು ಶಾಲೆಯೂ ಆಯಿತು, ಕಾಡಿನ ಹಕ್ಕಿನ ದನಿಯೂ ಆಯಿತು. 2011ರಲ್ಲಿ ಆ ಬೆಟ್ಟದ ಹುಲಿ ಸಂರಕ್ಷಿತ ಪ್ರದೇಶದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು.

ವಕೀಲ, ಎಂಜಿನಿಯರ್, ಬೆಳೆತಜ್ಞ, ವೈದ್ಯ, ಅರ್ಥಶಾಸ್ತ್ರಜ್ಞ, ಪರಿಸರ ವಿಜ್ಞಾನಿ. ಈ ಸಾಲಿನಲ್ಲಿ ಕೂಲಿ ಮಾಡಿ ಬದುಕಿದವರಿಲ್ಲ, ಹೆಂಗಸರ ಹೆಸರು ಹುಡುಕಿದರೂ ಸಿಗುವುದಿಲ್ಲ. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಯಾಗಿ ದುಡಿಯುತ್ತಲೇ ಯಾವ ತಾಯಿಮರದ ಬೀಜ ಯಾವಾಗ ಆಯಬೇಕೆಂದು ಬಲ್ಲವರಾಗಿದ್ದರು. ಪದ್ಮಶ್ರೀ ಬಂತು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಥ ತಿಳಿವಳಿಕೆ ಸನ್ಮಾನಕ್ಕೆ ಮಾತ್ರವಲ್ಲ, ಸಮಿತಿಯ ಮೇಜಿಗೂ ಬರಬೇಕು. ಇಂದು ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಬರಗಾಲ, ಪ್ರವಾಹ, ಕುಡಿಯುವ ನೀರು ಎಲ್ಲವನ್ನೂ ಊರಲ್ಲಿ ನಿಭಾಯಿಸಿದ ಸಾವಿರಾರು ಮಾಜಿ ಸದಸ್ಯೆಯರು ನಮ್ಮ ತಾಲ್ಲೂಕುಗಳಲ್ಲಿದ್ದಾರೆ. ಸರ್ಕಾರ ಇವರಲ್ಲಿ ಕೆಲವರನ್ನು ಪ್ರದೇಶಾಭಿವೃದ್ಧಿ ಮಂಡಳಿಗಳಿಗೆ ಪೂರ್ಣ ಸದಸ್ಯರಾಗಿ ನೇಮಿಸಲಿ. ಮುಂದೆ ನಿಮ್ಮ ಸೀಮೆಗೆ ಸಮಿತಿ ರಚನೆಯಾದಾಗ ನೀವೂ ವರದಿ ಬರುವವರೆಗೆ ಕಾಯಬೇಡಿ. ಸದಸ್ಯರ ಪಟ್ಟಿಯನ್ನು ಮೊದಲು ಓದಿ, ನಿಮ್ಮ ತಾಲ್ಲೂಕಿನಲ್ಲಿ ದುಡಿದವರು ಅದರಲ್ಲಿ ಇಲ್ಲದಿದ್ದರೆ ಅಂದೇ ಪ್ರಶ್ನೆ ಎತ್ತಿ.