ಕಂಬ ಬ್ರಹ್ಮಾವರದಲ್ಲಿ, ಪೇಟೆ ಮಂಗಳೂರಿನಲ್ಲಿ

ರೇಡಿಯೊ ಹಾಡಿಗೆ ಯಾರೂ ದುಡ್ಡು ಕೊಡುವುದಿಲ್ಲ ಎಂಬುದು ಕೇಳುಗರ ಸಾಮಾನ್ಯ ನಂಬಿಕೆ. ಒಂದು ಕಾಲದಲ್ಲಿ ಅಂಚೆ ಕಚೇರಿಯಲ್ಲಿ ವರ್ಷಕ್ಕೆ 15 ರೂಪಾಯಿ ಲೈಸೆನ್ಸ್ ಶುಲ್ಕ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದೂ ರದ್ದಾದ ಮೇಲೆ ಈ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆದರೆ ಪ್ರತಿ ಹಾಡಿನ ಹಿಂದೆಯೂ ಹಣ ತೆರುವವರೊಬ್ಬರು ಇದ್ದೇ ಇರುತ್ತಾರೆ. ಒಂದೋ ಸರ್ಕಾರ, ಇಲ್ಲವೇ ಅಂಗಡಿ. ಕುಂದಾಪುರ, ಬೈಂದೂರು ಕಡೆಯವರು ಕೇಳಿದ ಹಾಡಿಗೆ ಹಣ ಕೊಟ್ಟ ಅಂಗಡಿ ಯಾವಾಗಲೂ ಬೇರೆ ಊರಿನದು. ಮೊದಲು ಮುಂಬಯಿಯ ಹಲ್ಲುಪೇಸ್ಟಿನ ಕಂಪೆನಿ, ಆಮೇಲೆ ಮಂಗಳೂರಿನ ಚಿನ್ನದ ಮಳಿಗೆ. ಕುಂದಾಪುರದ ಅಂಗಡಿಯ ಹಣದಲ್ಲಿ ಕುಂದಾಪುರದ ದನಿ ಕೇಳಿಬರುವುದಕ್ಕೆ ಇಷ್ಟು ಕಾಲ ಏಕೆ ಬೇಕಾಯಿತು?

ಉತ್ತರ ಹುಡುಕುತ್ತಾ ಹೊರಟರೆ ಮೊದಲು ಸಮುದ್ರ ದಾಟಿ ಕೊಲಂಬೊಗೆ ಹೋಗಬೇಕಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮಿತ್ರಪಕ್ಷದ ಸೈನಿಕರಿಗಾಗಿ ಸಿಲೋನಿನಲ್ಲಿ ನೆಟ್ಟ ಪ್ರಬಲವಾದ ಶಾರ್ಟ್‌ವೇವ್ ಪ್ರಸಾರ ಯಂತ್ರ ಯುದ್ಧ ಮುಗಿದ ಮೇಲೆ ಅಲ್ಲಿನ ಸರ್ಕಾರದ ಪಾಲಾಯಿತು. 1950ರಲ್ಲಿ ರೇಡಿಯೊ ಸಿಲೋನ್ ವಾಣಿಜ್ಯ ವಿಭಾಗವನ್ನು ತೆರೆಯಿತು. ಆ ಹೊತ್ತಿಗೆ ಸರಿಯಾಗಿ ಭಾರತ ಸರ್ಕಾರವೇ ಅದಕ್ಕೆ ಗಿರಾಕಿಗಳನ್ನು ಒದಗಿಸಿಕೊಟ್ಟಿತು. 1952ರಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡೆಂದರೆ ಆಗದು. ಆಕಾಶವಾಣಿಯಿಂದ ಆ ಹಾಡುಗಳು ಹೆಚ್ಚುಕಡಿಮೆ ಮಾಯವಾದವು. ಅದೇ ವರ್ಷದ ಕೊನೆಗೆ ಸಿಲೋನಿನಿಂದ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಅಮೀನ್ ಸಯಾನಿ ಮುಂಬಯಿಯಲ್ಲಿ ಕುಳಿತು ಮಾತಾಡಿದ ಧ್ವನಿಮುದ್ರಿಕೆ ವಿಮಾನದಲ್ಲಿ ಕೊಲಂಬೊಗೆ ಹೋಗಿ, ಅಲ್ಲಿಂದ ಆಕಾಶಮಾರ್ಗವಾಗಿ ಮತ್ತೆ ಭಾರತಕ್ಕೇ ಬರುತ್ತಿತ್ತು. ಜಾಹೀರಾತು ಮಾರುತ್ತಿದ್ದುದು ಮುಂಬಯಿಯಲ್ಲಿ, ಕೊಳ್ಳುತ್ತಿದ್ದವರೂ ಅಲ್ಲಿನವರೇ. ಲಾಭದಲ್ಲಿ ಪಾಲು ಮಾತ್ರ ಸಿಲೋನಿಗೆ!

ಸರ್ಕಾರಕ್ಕೆ ಬುದ್ಧಿ ಬರಲು ಐದು ವರ್ಷ ಹಿಡಿಯಿತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿದ್ದು ಸಿಲೋನಿಗೆ ಉತ್ತರವಾಗಿ. ಆದರೂ ಅದು ಜಾಹೀರಾತು ತೆಗೆದುಕೊಳ್ಳುತ್ತಿರಲಿಲ್ಲ. ಎ.ಕೆ. ಚಂದಾ ಸಮಿತಿ ಶಿಫಾರಸು ಮಾಡಿದ ನಂತರ, 1967ರ ನವೆಂಬರ್ 1ರಂದು ಮುಂಬಯಿ, ಪುಣೆ, ನಾಗಪುರಗಳಲ್ಲಿ ಮೊದಲ ಬಾರಿಗೆ ಸರ್ಕಾರಿ ರೇಡಿಯೊ ಸೋಪು–ಮುಲಾಮುಗಳ ಹೆಸರು ಹೇಳಿತು. ಆದರ್ಶ ಬದಲಾಗಿ ನಡೆದ ಸಂಗತಿ ಇದಲ್ಲ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಿದ್ದಾನೆಂದು ತಡವಾಗಿ ತಿಳಿದು ನಡೆದದ್ದು. ನಮ್ಮ ದೇಶದಲ್ಲಿ ರೇಡಿಯೊ ಪೈಪೋಟಿ ಎಂಬುದು ಖಾಸಗಿ ಎಫ್.ಎಂ. ಬಂದ ಮೇಲೆ ಆರಂಭವಾಯಿತೆಂದು ಹೇಳುವವರು ಈ ಹದಿನೈದು ವರ್ಷಗಳನ್ನು ಮರೆಯುತ್ತಾರೆ.

ಈ ಹೊತ್ತಿನಲ್ಲಿ ಕರಾವಳಿಗೆ ತನ್ನದೆಂಬ ನಿಲಯ ಇರಲಿಲ್ಲ. ಧಾರವಾಡ ನಿಲಯ 1950ರಲ್ಲಿ, ಭದ್ರಾವತಿ ನಿಲಯ 1965ರಲ್ಲಿ ಆರಂಭವಾಗಿದ್ದವು. ಎರಡೂ ಘಟ್ಟದ ಆಚೆ. ಸಂಜೆ ಹೊತ್ತು ಗೊರಗೊರ ಸದ್ದಿನ ನಡುವೆ ಭದ್ರಾವತಿಯನ್ನು ಹುಡುಕುವುದಕ್ಕಿಂತ ಸಿಲೋನನ್ನು ಹಿಡಿಯುವುದೇ ಸುಲಭವಾಗಿದ್ದ ಮನೆಗಳು ಈ ಕಡೆ ಬಹಳ. ಶಾರ್ಟ್‌ವೇವ್ ಅಲೆ ಮೇಲಿನ ವಾಯುಮಂಡಲಕ್ಕೆ ಬಡಿದು ಕೆಳಗಿಳಿಯುವುದರಿಂದ ಅದಕ್ಕೆ ಸಹ್ಯಾದ್ರಿಯ ಹಂಗಿಲ್ಲ.

1976ರ ಡಿಸೆಂಬರಿನಲ್ಲಿ ಆಕಾಶವಾಣಿಯ ಮಂಗಳೂರು ನಿಲಯ ಪ್ರಾರಂಭವಾಯಿತು. ನಿಲಯದ ಹೆಸರು ಮಂಗಳೂರಿನದು, ಸ್ಟುಡಿಯೊ ಕದ್ರಿ ಗುಡ್ಡದ ಮೇಲೆ. ಆದರೆ 20 ಕಿಲೋವಾಟ್ ಶಕ್ತಿಯ ಮಧ್ಯಮ ತರಂಗದ ಪ್ರಸಾರ ಕಂಬ ನಿಂತದ್ದು ಉಡುಪಿಗಿಂತಲೂ ಉತ್ತರಕ್ಕೆ, ಬ್ರಹ್ಮಾವರದಲ್ಲಿ. ತರಂಗಾಂತರ 1089 ಕಿಲೋಹರ್ಟ್ಸ್. ಹೊರದೇಶದ ರೇಡಿಯೊ ಹವ್ಯಾಸಿಗಳ ಪಟ್ಟಿಗಳಲ್ಲಿ ಈ ನಿಲಯ ‘ಉಡುಪಿ’ ಎಂದೇ ಕಾಣಿಸಿಕೊಳ್ಳುತ್ತಿದ್ದುದು ಈ ಕಂಬದಿಂದಾಗಿ.

ಕಂಬದ ಜಾಗ ಏಕೆ ಮುಖ್ಯವೆಂಬುದನ್ನು ಸ್ವಲ್ಪ ನೋಡೋಣ. ಮಧ್ಯಮ ತರಂಗ ಹಗಲಿನಲ್ಲಿ ನೆಲವನ್ನು ಹಿಡಿದು ಸಾಗುತ್ತದೆ. ನೆಲ ಒಣಗಿದ್ದರೆ ಬೇಗ ಸೊರಗುತ್ತದೆ. ತೇವವಿದ್ದರೆ, ಉಪ್ಪುನೀರಿದ್ದರೆ ದೂರ ಹೋಗುತ್ತದೆ. ಗದ್ದೆ, ಹಿನ್ನೀರು, ಪಕ್ಕದಲ್ಲೇ ಸಮುದ್ರ ಇರುವ ನಮ್ಮ ಕರಾವಳಿ ಅದಕ್ಕೆ ಹೇಳಿ ಮಾಡಿಸಿದ ದಾರಿ. ಬ್ರಹ್ಮಾವರದಿಂದ ಕುಂದಾಪುರ ಸುಮಾರು 25 ಕಿಲೋಮೀಟರ್. ಬೈಂದೂರು ಅದರ ಇಮ್ಮಡಿಗಿಂತ ಸ್ವಲ್ಪ ಹೆಚ್ಚು. ಮಂಗಳೂರು ಎಂಬ ಹೆಸರಿನ ನಿಲಯ ಮಂಗಳೂರಿಗಿಂತ ಕುಂದಾಪುರಕ್ಕೇ ಹತ್ತಿರವಾಗಿದ್ದುದು ಹೀಗೆ. ಯಕ್ಷಗಾನ, ಕೃಷಿರಂಗ, ಮೀನುಗಾರರಿಗೆ ಹವಾಮಾನದ ಎಚ್ಚರಿಕೆ ಇವೆಲ್ಲ ಗಂಗೊಳ್ಳಿಯ ದೋಣಿಯವರಿಗೂ ಸಿಕ್ಕಿದ್ದು ಈ ಕಂಬದ ದಯೆಯಿಂದ. ಆದರೆ ಆಕಾಶವಾಣಿಗೆ ಹಣ ಬರುತ್ತಿದ್ದುದು ದಿಲ್ಲಿಯಿಂದ. ಅದು ಜಾಹೀರಾತು ತೆಗೆದುಕೊಳ್ಳತೊಡಗಿದ ಮೇಲೂ ಕುಂದಾಪುರದ ಬಟ್ಟೆಯಂಗಡಿಯವರನ್ನು ಓಲೈಸುವ ಅಗತ್ಯ ಅದಕ್ಕೆ ಬೀಳಲಿಲ್ಲ.

ಹಾಗಾದರೆ ಊರಿನ ಜಾಹೀರಾತು ಎಲ್ಲಿತ್ತು? ಅದು ಜೀಪಿನ ಮೇಲಿತ್ತು. ಡೇರೆ ಮೇಳಗಳ ಕಾಲವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಸಾಲಿಗ್ರಾಮ ಮೇಳವೋ, ಪೆರ್ಡೂರು ಮೇಳವೋ, ಕೋಟದ ಅಮೃತೇಶ್ವರೀ ಮೇಳವೋ ಊರಿಗೆ ಬಂದ ದಿನ ಮಧ್ಯಾಹ್ನದಿಂದಲೇ ಮೈಕು ಕಟ್ಟಿದ ವಾಹನ ಗದ್ದೆಬೈಲಿನ ದಾರಿಯಲ್ಲೆಲ್ಲ ಸುತ್ತುತ್ತಿತ್ತು. ಪ್ರಸಂಗದ ಹೆಸರು, ಭಾಗವತರ ಹೆಸರು, ಹಾಸ್ಯಗಾರರ ಹೆಸರು, ಟಿಕೇಟಿನ ದರ. ಹಿಂದೆ ಕರಪತ್ರಕ್ಕಾಗಿ ಓಡುವ ಮಕ್ಕಳು. ಜಾಹೀರಾತಿನ ಲೆಕ್ಕಾಚಾರದಲ್ಲಿ ನೋಡಿದರೆ ಇದು ಎಷ್ಟು ಚೊಕ್ಕವಾದ ವ್ಯವಸ್ಥೆ! ಆಟಕ್ಕೆ ಬರಬಲ್ಲ ದೂರದಲ್ಲಿರುವವರಿಗೆ ಮಾತ್ರ ಕೂಗು ಕೇಳಿಸುತ್ತದೆ, ಒಂದು ಹನಿ ಡೀಸೆಲ್ಲೂ ದಂಡವಲ್ಲ. ಉಳಿದ ವ್ಯಾಪಾರಿಗಳಿಗೆ 1970ರಲ್ಲಿ ಮಣಿಪಾಲದಿಂದ ಹೊರಟ ‘ಉದಯವಾಣಿ’ ಇತ್ತು, ಊರಿನ ವಾರಪತ್ರಿಕೆಗಳಿದ್ದವು, ಸಿನಿಮಾ ಮಂದಿರದ ಸ್ಲೈಡುಗಳಿದ್ದವು. ಮುಂದೆ ಬರಲಿದ್ದ ಎಫ್.ಎಂ. ನಿಲಯಗಳ ನಿಜವಾದ ಎದುರಾಳಿಗಳು ಇವರೇ.

ಖಾಸಗಿಯವರಿಗೆ ಬಾಗಿಲು ತೆರೆದ ಬಗೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. 1995ರ ಫೆಬ್ರವರಿಯಲ್ಲಿ ಕ್ರಿಕೆಟ್ ಪ್ರಸಾರದ ಮೊಕದ್ದಮೆಯೊಂದರಲ್ಲಿ ಸುಪ್ರೀಂ ಕೋರ್ಟು, ಆಕಾಶದ ಅಲೆಗಳು ಸಾರ್ವಜನಿಕರ ಸೊತ್ತು ಎಂದಿತು. ಸರ್ಕಾರ ಆ ಸೊತ್ತನ್ನು ಹರಾಜಿಗೆ ಇಟ್ಟಿತು. 2001ರ ಜುಲೈಯಲ್ಲಿ ಬೆಂಗಳೂರಿನ ರೇಡಿಯೊ ಸಿಟಿ ದೇಶದ ಮೊದಲ ಖಾಸಗಿ ಎಫ್.ಎಂ. ಆಗಿ ಮಾತಾಡಿತು. ಮೊದಲ ಹಂತದಲ್ಲಿ ಲೈಸೆನ್ಸ್ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತಿದ್ದುದರಿಂದ ಹಲವರು ಶುರುವಿಗೆ ಮೊದಲೇ ಕೈಚೆಲ್ಲಿದರು. 2005ರ ಎರಡನೆಯ ಹಂತದ ನೀತಿಯಲ್ಲಿ, ಒಮ್ಮೆ ಕಟ್ಟುವ ಪ್ರವೇಶ ಶುಲ್ಕದ ಜೊತೆಗೆ ಆದಾಯದ ಶೇ 4ರಷ್ಟು ಪಾಲು ಎಂದಾದ ಮೇಲೆ ಸಣ್ಣ ನಗರಗಳಿಗೂ ನಿಲಯಗಳು ಬಂದವು. ಮಂಗಳೂರಿಗೆ 92.7ರ ಬಿಗ್, 93.5ರ ರೆಡ್, 98.3ರ ಮಿರ್ಚಿ ಬಂದದ್ದು ಹೀಗೆ.

ಒಂದೇ ಪೇಟೆ, ಮೂರು ಖಾಸಗಿ ನಿಲಯ, ಅವುಗಳ ಜೊತೆಗೆ ಆಕಾಶವಾಣಿಯ ಎಫ್.ಎಂ. ಕೂಡ. ಸ್ವಂತ ಸುದ್ದಿ ಓದಲು ಖಾಸಗಿಯವರಿಗೆ ಅನುಮತಿ ಇಲ್ಲ. ಹಾಡುಗಳೋ ಎಲ್ಲರಲ್ಲೂ ಅವೇ. ಹಾಗಾಗಿ ಪೈಪೋಟಿ ನಡೆದದ್ದು ಮಾತಿನಲ್ಲಿ ಮತ್ತು ದರದಲ್ಲಿ. ರೇಡಿಯೊ ಜಾಹೀರಾತನ್ನು 10 ಸೆಕೆಂಡಿನ ಲೆಕ್ಕದಲ್ಲಿ ಮಾರುತ್ತಾರೆ. ಜನ ಕೆಲಸಕ್ಕೆ ಹೊರಡುವ ಬೆಳಗಿನ ಹೊತ್ತಿಗೆ, ಮನೆಗೆ ಮರಳುವ ಸಂಜೆಯ ಹೊತ್ತಿಗೆ ಹೆಚ್ಚು ದರ. ಆ ಹೊತ್ತಿನದನ್ನು ಕೊಂಡರೆ ಮಧ್ಯಾಹ್ನದ್ದನ್ನು ಕೊಸರಾಗಿ ಕೊಡುವುದೂ ಉಂಟು, ತರಕಾರಿಯ ಜೊತೆ ಕೊತ್ತಂಬರಿ ಸೊಪ್ಪು ಕೊಟ್ಟ ಹಾಗೆ. ಯಾರನ್ನು ಎಷ್ಟು ಜನ ಕೇಳುತ್ತಾರೆಂಬ ಅಳತೆಯಾದರೂ ಇದೆಯೇ ಎಂದರೆ, 2007ರಲ್ಲಿ ಬಂದ ರೇಡಿಯೊ ಕೇಳುಗರ ಸಮೀಕ್ಷೆ ದಿಲ್ಲಿ, ಮುಂಬಯಿ, ಬೆಂಗಳೂರು, ಕೋಲ್ಕತ್ತಗಳನ್ನು ದಾಟಲಿಲ್ಲ. ಮಂಗಳೂರಿನಂಥ ಪೇಟೆಯಲ್ಲಿ ‘ನಾವೇ ನಂಬರ್ ಒನ್’ ಎಂದು ಹೇಳಲು ಗಟ್ಟಿ ಗಂಟಲು ಸಾಕಾಯಿತು. ಅಂಗಡಿಯ ಯಜಮಾನರು ನಂಬಿದ್ದು ತಮ್ಮ ಕಾರಿನ ಚಾಲಕ ಯಾವುದನ್ನು ಹಾಕುತ್ತಾನೆ ಎಂಬುದನ್ನೇ ಇದ್ದೀತು.

ಈಗ ಕುಂದಾಪುರದ ಅಂಗಡಿಯ ಪ್ರಶ್ನೆಗೆ ಬರೋಣ. ಹಂಪನಕಟ್ಟೆಯ ಚಿನ್ನದ ಮಳಿಗೆಯೊಂದು ಮಂಗಳೂರಿನ ನಿಲಯದಲ್ಲಿ ಜಾಹೀರಾತು ಕೊಟ್ಟರೆ ಅದು ಕೇಳಿಸಿದಲ್ಲೆಲ್ಲ ಪ್ರಯೋಜನಕ್ಕೆ ಬರುತ್ತದೆ. ಮಗಳ ಮದುವೆಗೆ ಚಿನ್ನ ಕೊಳ್ಳಲು ಉಡುಪಿಯವರು, ಕುಂದಾಪುರದವರು ಮಂಗಳೂರಿಗೆ ಹೋಗುವುದಿದೆ. ಅದೇ ನಿಲಯದಲ್ಲಿ ಕುಂದಾಪುರದ ಶಾಸ್ತ್ರಿ ಸರ್ಕಲ್ಲಿನ ಅಂಗಡಿಯವರು ಜಾಹೀರಾತು ಕೊಟ್ಟರೆ? ಸುರತ್ಕಲ್ಲಿನವರು, ಬಂಟ್ವಾಳದವರು ಕೇಳುತ್ತಾರೆ, ಕೇಳಿ ಸುಮ್ಮನಾಗುತ್ತಾರೆ. 95 ಕಿಲೋಮೀಟರ್ ಬಸ್ಸಿನಲ್ಲಿ ಕುಳಿತು ಕುಂದಾಪುರಕ್ಕೆ ಸೀರೆಗೆ ಬರುವವರು ಯಾರು? ಆದರೂ ದರ ಇಡೀ ಮಂಗಳೂರಿನದನ್ನೇ ತೆರಬೇಕು. ಮೇಲಾಗಿ ಎಫ್.ಎಂ. ಅಲೆ ಬೆಳಕಿನಂತೆ ನೇರವಾಗಿ ಸಾಗುವಂಥದು. ಭೂಮಿಯ ಬಾಗು, ನಡುವಿನ ಗುಡ್ಡಗಳನ್ನು ದಾಟಿ ಕುಂದಾಪುರ ಮುಟ್ಟುವ ಹೊತ್ತಿಗೆ ಅದು ಬಡವಾಗಿರುತ್ತದೆ. ಒಟ್ಟಿನಲ್ಲಿ ನಗರದ ಜಾಹೀರಾತು ಹಳ್ಳಿಗೆ ಹರಿಯಬಲ್ಲುದು, ಹಳ್ಳಿಯದು ನಗರಕ್ಕೆ ಹರಿದು ಫಲವಿಲ್ಲ. ಪೈಪೋಟಿ ಎಷ್ಟೇ ಬಿರುಸಾಗಿದ್ದರೂ ಅದರ ಲಾಭ ಕುಂದಾಪುರದ ವ್ಯಾಪಾರಿಗೆ ಮುಟ್ಟಲಿಲ್ಲ.

ಭಾಷೆಯ ಸಂಗತಿಯೂ ಇದೆ. ಮಂಗಳೂರಿನ ನಿಲಯಗಳು ಕೇಳುಗರನ್ನು ಹತ್ತಿರ ಮಾಡಿಕೊಂಡದ್ದು ಬಹುಮಟ್ಟಿಗೆ ತುಳುವಿನಿಂದ. ಅದು ಜಾಣತನವೇ ಸರಿ. ಆದರೆ ಸುವರ್ಣಾ, ಸೀತಾ ನದಿಗಳನ್ನು ದಾಟಿ ಉತ್ತರಕ್ಕೆ ಬಂದರೆ ಮನೆಮಾತು ಕುಂದಾಪ್ರ ಕನ್ನಡವಾಗುತ್ತದೆ. ‘ಹ್ವಾಯ್’ ಎಂದು ಕರೆದರೆ ತಿರುಗಿ ನೋಡುವ ಜನ ಇವರು. ಆಕಾಶವಾಣಿಯ ಗ್ರಾಂಥಿಕ ಕನ್ನಡವೂ ಎಫ್.ಎಂ.ನ ತುಳುವೂ ಇವರಿಗೆ ಅರ್ಥವಾಗದ್ದೇನಲ್ಲ, ಆದರೆ ಎರಡೂ ಪಕ್ಕದ ಮನೆಯ ಮಾತು. ಬ್ರಹ್ಮಾವರದ ಕಂಬ ನಿಂತದ್ದು ಈ ಎರಡು ಮಾತುಗಳು ಕೂಡುವ ಜಾಗದಲ್ಲಿಯೇ ಎಂಬುದು ಕಾಕತಾಳೀಯವಾದರೂ ಸ್ವಾರಸ್ಯದ ಸಂಗತಿ.

ಹರಾಜಿನ ದಾರಿಯಲ್ಲಿ ಇದಕ್ಕೆ ಪರಿಹಾರ ಇರಲಿಲ್ಲ. 2011ರ ಮೂರನೆಯ ಹಂತದ ನೀತಿ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಪಟ್ಟಣಗಳತ್ತ ನೋಡಿತು. ಅದೇ ವರ್ಷದ ಜನಗಣತಿಯಲ್ಲಿ ಕುಂದಾಪುರ ಪಟ್ಟಣದ ಜನಸಂಖ್ಯೆ ಮೂವತ್ತು ಸಾವಿರದ ಆಸುಪಾಸು. ತೆರೆದ ಬಾಗಿಲು ಬೇರೆಯದು. 2006ರ ನವೆಂಬರಿನ ಸಮುದಾಯ ಬಾನುಲಿ ನೀತಿ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳಿಗೆ ಸಣ್ಣ ನಿಲಯ ನಡೆಸಲು ಅವಕಾಶ ಕೊಟ್ಟಿತು. ಪ್ರಸಾರ ಶಕ್ತಿ 100 ವಾಟ್‌ಗೆ ಸೀಮಿತ, ಕಂಬದ ಎತ್ತರ 30 ಮೀಟರ್ ಮೀರಬಾರದು. ಕೇಳಿಸುವುದು ಹತ್ತು ಹದಿನೈದು ಕಿಲೋಮೀಟರ್. ಕಾರ್ಯಕ್ರಮಗಳಲ್ಲಿ ಅರ್ಧದಷ್ಟಾದರೂ ಊರಿನವರೇ ಸೇರಿ ಮಾಡಿದ್ದಿರಬೇಕು, ಸ್ಥಳೀಯ ಭಾಷೆ ಮತ್ತು ಉಪಭಾಷೆಯಲ್ಲಿರಬೇಕು. ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜಿನ ‘ರೇಡಿಯೊ ಕುಂದಾಪ್ರ’ ಹುಟ್ಟಿದ್ದು ಈ ಬಾಗಿಲಿನಿಂದ. ಸರ್ಕಾರಿ ಕಾಗದದಲ್ಲಿ ‘ಉಪಭಾಷೆ’ ಎಂಬ ಶಬ್ದ ಇರದಿದ್ದರೆ ಆ ಹೆಸರಿಗೆ ಅಷ್ಟು ಅರ್ಥ ಬರುತ್ತಿರಲಿಲ್ಲ.

ನೀತಿಯಲ್ಲಿ ಜಾಹೀರಾತಿಗೂ ಜಾಗವಿದೆ, ಆದರೆ ಊರಿನ ವ್ಯಾಪಾರ, ಊರಿನ ಸಮಾರಂಭ, ಊರಿನ ಉದ್ಯೋಗಗಳಿಗೆ ಮಾತ್ರ. ಮೊದಲು ಗಂಟೆಗೆ 5 ನಿಮಿಷ ಎಂದಿದ್ದುದು ಮುಂದೆ 7 ಆಗಿ, 2024ರ ಫೆಬ್ರವರಿಯಲ್ಲಿ 12 ನಿಮಿಷಕ್ಕೆ ಏರಿತು. ಸರ್ಕಾರಿ ಜಾಹೀರಾತಿನ ದರ 10 ಸೆಕೆಂಡಿಗೆ 52 ರೂಪಾಯಿ ಇದ್ದದ್ದು 74 ಆಯಿತು. ಲೆಕ್ಕ ಹಾಕಿದರೆ 12 ನಿಮಿಷ ಪೂರ್ತಿ ತುಂಬಿದ ಒಂದು ಗಂಟೆಗೆ 5,328 ರೂಪಾಯಿ. ಆ 12 ನಿಮಿಷ ಪೂರ್ತಿ ತುಂಬುವುದು ಸಣ್ಣ ನಿಲಯಗಳ ಪಾಲಿಗೆ ಅಪರೂಪ. ಕರೆಂಟು ಬಿಲ್ಲು, ಯಂತ್ರದ ದುರಸ್ತಿ, ಮಾತಾಡುವ ಹುಡುಗ ಹುಡುಗಿಯರ ಸಂಬಳ ಇವೆಲ್ಲವನ್ನೂ ಜಾಹೀರಾತಿನಿಂದಲೇ ತೂಗಿಸುವುದು ಕಷ್ಟವಾದ್ದರಿಂದ, ದೇಶದ ಬಹಳಷ್ಟು ಸಮುದಾಯ ನಿಲಯಗಳು ಕಾಲೇಜಿನ ಇಲ್ಲವೇ ಸಂಘಸಂಸ್ಥೆಯ ಹೆಗಲ ಮೇಲೆ ಕುಳಿತಿವೆ.

ಶಾಸ್ತ್ರಿ ಸರ್ಕಲ್ಲಿನ ಅಂಗಡಿಯವರಿಗೆ ಬೇಕಾಗಿದ್ದುದು ಇಂಥ ನಿಲಯವೇ. ಕೇಳುವವರೆಲ್ಲ ಬಸ್ಸಿನಲ್ಲಿ ಅರ್ಧ ಗಂಟೆಯಲ್ಲಿ ಅಂಗಡಿಗೆ ಬರಬಲ್ಲವರು. ಆದರೆ ಅದು ಸಿಗುವ ಹೊತ್ತಿಗೆ ಅವರ ಕೈಗೆ ಫೋನು ಬಂದಿತ್ತು. ಫೇಸ್‌ಬುಕ್ಕಿನಲ್ಲಿ ‘ನನ್ನ ಅಂಗಡಿಯಿಂದ ಹತ್ತು ಕಿಲೋಮೀಟರ್ ಒಳಗಿನವರಿಗೆ ಮಾತ್ರ ತೋರಿಸು’ ಎಂದು ಹೇಳಬಹುದು. ಜೀಪಿನ ಮೈಕು ಮಾಡುತ್ತಿದ್ದುದನ್ನೇ ಈಗ ಕ್ಯಾಲಿಫೋರ್ನಿಯದ ಕಂಪೆನಿ ಮಾಡುತ್ತಿದೆ. ಆ ಹಣ ಊರಲ್ಲಿ ಉಳಿಯುವುದಿಲ್ಲ ಎಂಬುದೊಂದೇ ವ್ಯತ್ಯಾಸ; ಸಿಲೋನಿನ ಕಾಲದಲ್ಲೂ ಉಳಿಯುತ್ತಿರಲಿಲ್ಲವಷ್ಟೆ.

ಕೋಟೇಶ್ವರ, ಗಂಗೊಳ್ಳಿ, ಹೆಮ್ಮಾಡಿಗಳು ಕುಂದಾಪುರದ ಸಣ್ಣ ಕಂಬದ ಸುತ್ತಳತೆಯೊಳಗೆ ಬೀಳುತ್ತವೆ. ಬೈಂದೂರು ಮಾತ್ರ ಅಲ್ಲಿಂದ ಮೂವತ್ತು ಕಿಲೋಮೀಟರಿಗಿಂತಲೂ ಆಚೆ. 30 ಮೀಟರಿನ ಕಂಬದಿಂದ ಹೊರಟ 100 ವಾಟ್‌ನ ಅಲೆ ಅಷ್ಟು ದೂರದ ರೇಡಿಯೊದಲ್ಲಿ ಮಾತಾಡೀತೆಂದು ಕಾಯುವಂತಿಲ್ಲ.