ರಸ್ತೆ ಅಪಘಾತದ ಹೊಣೆ: ಬೆಂಗಳೂರಿನ ಹೊರವಲಯದ ಮೊಕದ್ದಮೆಗಳು

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಭಾಗಗಳ ರಸ್ತೆ ಅಪಘಾತಗಳಿಂದ ಎರಡು ಬಗೆಯ ಮೊಕದ್ದಮೆಗಳು ಹುಟ್ಟುತ್ತವೆ. ಒಂದು, ಚಾಲಕನ ಮೇಲೆ ಪೊಲೀಸರು ಹೂಡುವ ಕ್ರಿಮಿನಲ್ ಪ್ರಕರಣ. ಇನ್ನೊಂದು, ಗಾಯಾಳು ಅಥವಾ ಮೃತರ ಅವಲಂಬಿತರು ಮಾಲೀಕ ಮತ್ತು ವಿಮಾ ಕಂಪನಿಯ ಮೇಲೆ ಹಾಕುವ ಪರಿಹಾರದ ಅರ್ಜಿ. ನೊಂದ ಕುಟುಂಬದ ಮುಂದಿನ ಬದುಕು ಬಹುಮಟ್ಟಿಗೆ ನಿಂತಿರುವುದು ಎರಡನೆಯದರ ಮೇಲೆ.

ಕ್ರಿಮಿನಲ್ ಹೊಣೆ

ಅಜಾಗರೂಕ ಚಾಲನೆಯಿಂದಾದ ಸಾವಿಗೆ ಭಾರತೀಯ ದಂಡ ಸಂಹಿತೆಯ 304ಎ ಕಲಂನಲ್ಲಿ ಗರಿಷ್ಠ 2 ವರ್ಷ ಶಿಕ್ಷೆಯಿತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಂ ಅದನ್ನು 5 ವರ್ಷಕ್ಕೆ ಏರಿಸಿದೆ. ಚಾಲಕ ಖುಲಾಸೆಯಾದ ಮಾತ್ರಕ್ಕೆ ಪರಿಹಾರದ ಅರ್ಜಿ ಬಿದ್ದುಹೋಗುವುದಿಲ್ಲ. ಅಲ್ಲಿ ಸಂದೇಹಾತೀತ ಪುರಾವೆ ಬೇಕು, ಇಲ್ಲಿ ಯಾರ ಮಾತು ಹೆಚ್ಚು ಸಂಭವನೀಯ ಎಂಬುದಷ್ಟೇ ಸಾಕು.

ಪರಿಹಾರದ ಅರ್ಜಿ

1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಇದಕ್ಕೆ ಆಧಾರ. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯದ ನ್ಯಾಯಾಧೀಶರೇ ಅಪಘಾತ ಪರಿಹಾರ ನ್ಯಾಯಮಂಡಳಿಯ ಸದಸ್ಯರು. ಅರ್ಜಿದಾರರು ತಾವು ವಾಸಿಸುವ ಊರಿನ ನ್ಯಾಯಮಂಡಳಿಗೂ ಹೋಗಬಹುದು. ರಾಯಚೂರು, ಕಲಬುರಗಿಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯವರಿಗೆ ಈ ಅವಕಾಶ ದೊಡ್ಡದು.

ಸಾಕ್ಷ್ಯವೆಂದರೆ ಮುಖ್ಯವಾಗಿ ಎಫ್‌ಐಆರ್, ಸ್ಥಳ ಮಹಜರು, ನಕಾಶೆ, ದೋಷಾರೋಪ ಪಟ್ಟಿ, ಮೋಟಾರು ವಾಹನ ನಿರೀಕ್ಷಕರ ವರದಿ. ಲಾರಿಯ ಎಡ ಬಂಪರ್ ಬಾಗಿದೆ, ಬೈಕಿನ ಹಿಂಬದಿ ದೀಪ ಒಡೆದಿದೆ, ಎರಡರ ಬ್ರೇಕೂ ಸರಿಯಿದೆ ಎಂದು ನಿರೀಕ್ಷಕರು ಬರೆದ ಮೂರು ಸಾಲು ಎಷ್ಟೋ ಸಲ ಪ್ರತ್ಯಕ್ಷದರ್ಶಿಗಿಂತ ಹೆಚ್ಚು ಹೇಳುತ್ತವೆ.

ಹೊಣೆ ಬೀಳುವುದು ಆರ್‌ಸಿಯಲ್ಲಿ ಹೆಸರಿರುವ ಮಾಲೀಕನ ಮೇಲೆ. ವಾಹನ ಮಾರಿ ಹೆಸರು ಬದಲಾಯಿಸದಿದ್ದರೆ ಹಳೆಯ ಮಾಲೀಕನೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಕೈಯಿಂದ ಕೈಗೆ ದಾಟುವ ಕ್ಯಾಬ್‌ಗಳ ಮಾಲೀಕರು ಇದನ್ನು ತಿಳಿದಿರಲೇಬೇಕು.

ಲೈಸೆನ್ಸ್ ಮತ್ತು ಬ್ಯಾಡ್ಜ್

ಪೀಣ್ಯದ ಸಣ್ಣ ಸರಕು ವಾಹನಗಳ ಪ್ರಕರಣಗಳಲ್ಲಿ ವಿಮಾ ಕಂಪನಿಗಳ ನೆಚ್ಚಿನ ವಾದ ಒಂದಿತ್ತು: ಚಾಲಕನಿಗೆ ಲೈಸೆನ್ಸ್ ಇದೆ, ಸಾರಿಗೆ ವಾಹನ ಓಡಿಸಲು ಬೇಕಾದ ಬ್ಯಾಡ್ಜ್ ಇಲ್ಲ, ಆದ್ದರಿಂದ ನಮಗೆ ಹೊಣೆಯಿಲ್ಲ. 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ವಾದವನ್ನು ತಳ್ಳಿಹಾಕಿತು. ತೂಕ 7,500 ಕೆ.ಜಿ. ಮೀರದ ಸಾರಿಗೆ ವಾಹನ ಓಡಿಸಲು ಲಘು ವಾಹನದ ಲೈಸೆನ್ಸೇ ಸಾಕು ಎಂದಿತು. ವಿಮಾ ಕಂಪನಿಗಳು ಬಿಡಲಿಲ್ಲ. ಪ್ರಶ್ನೆ ಸಂವಿಧಾನ ಪೀಠಕ್ಕೆ ಹೋಗಿ, 2024ರ ನವೆಂಬರ್ 6ರಂದು ಅದೇ ನಿಲುವು ಗಟ್ಟಿಯಾಯಿತು.

ಲೈಸೆನ್ಸೇ ಇಲ್ಲದಿದ್ದರೆ? 2004ರ ಸ್ವರಣ್ ಸಿಂಗ್ ತೀರ್ಪು ‘ಮೊದಲು ಕೊಡು, ಆಮೇಲೆ ವಸೂಲು ಮಾಡು’ ಎಂಬ ದಾರಿ ತೋರಿತ್ತು. ಆದರೆ ಅದನ್ನು ಯಾವಾಗ ಅನ್ವಯಿಸಬೇಕೆಂಬುದರಲ್ಲಿ ಕರ್ನಾಟಕದ ಪೀಠಗಳಲ್ಲೇ ಭಿನ್ನಾಭಿಪ್ರಾಯವಿತ್ತು. ಅದಕ್ಕೆ ತೆರೆ ಎಳೆದದ್ದು 2020ರಲ್ಲಿ ಹೈಕೋರ್ಟಿನ ಪೂರ್ಣಪೀಠ. ಪಾಲಿಸಿಯ ಷರತ್ತು ಮುರಿದಿದ್ದರೂ ಮೂರನೆಯ ವ್ಯಕ್ತಿಗೆ ವಿಮಾ ಕಂಪನಿಯೇ ಹಣ ಕೊಟ್ಟು, ಬಳಿಕ ಮಾಲೀಕನಿಂದ ಹಿಂಪಡೆಯಬೇಕು. ಮೋಟಾರು ವಾಹನ ಕಾಯ್ದೆಯಲ್ಲಿ ಆಗ ಜಾರಿಯಲ್ಲಿದ್ದ 149ನೇ ಕಲಂನ ಈ ವ್ಯಾಖ್ಯಾನವನ್ನು ರಾಜ್ಯದ ಅಪಘಾತ ನ್ಯಾಯದಲ್ಲಿ ಅತ್ಯಂತ ಮಹತ್ವದ ತೀರ್ಪುಗಳಲ್ಲಿ ಒಂದೆನ್ನಬಹುದು. ಕೂಲಿಕಾರನ ವಿಧವೆ ಮಾಲೀಕನನ್ನು ಹುಡುಕಿಕೊಂಡು ಅಲೆಯಬೇಕಾದ ಸ್ಥಿತಿಯನ್ನು ಅದು ತಪ್ಪಿಸಿತು. ಸರಕು ವಾಹನದ ಹಿಂಭಾಗದಲ್ಲಿ ಸುಮ್ಮನೆ ಹತ್ತಿ ಕುಳಿತವರಿಗೆ ಮಾತ್ರ ವಿಮೆಯ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ.

ಆದಾಯದ ಲೆಕ್ಕ

ಪರಿಹಾರದ ಮೊತ್ತ ಹೆಚ್ಚಾಗಿ ಆದಾಯದ ಮೇಲೆ ನಿಂತಿದೆ. ಸಾಫ್ಟ್‌ವೇರ್ ಉದ್ಯೋಗಿಗೆ ಸಂಬಳದ ಚೀಟಿ ಇರುತ್ತದೆ, ಹಮಾಲಿಗೆ ಇರುವುದಿಲ್ಲ. ಕರ್ನಾಟಕದ ಒಬ್ಬ ಕೂಲಿಯ ಪ್ರಕರಣದಲ್ಲಿ ನ್ಯಾಯಮಂಡಳಿ ತಿಂಗಳ ಆದಾಯವನ್ನು 3,000 ರೂ. ಎಂದಿತ್ತು, 2011ರಲ್ಲಿ ಸುಪ್ರೀಂ ಕೋರ್ಟ್ ಆತ ಹೇಳಿದ 4,500 ರೂ.ಗಳನ್ನೇ ಒಪ್ಪಿತು. 2014ರಲ್ಲಿ, ಕಾಲು ಕಳೆದುಕೊಂಡ ರಾಜ್ಯದ ತರಕಾರಿ ವ್ಯಾಪಾರಿಯಿಂದ ಆದಾಯದ ದಾಖಲೆ ನಿರೀಕ್ಷಿಸುವುದು ಸರಿಯಲ್ಲವೆಂದು ಹೇಳಿ, 6,500 ರೂ. ಆದಾಯ ಮತ್ತು ಶೇ. 85ರಷ್ಟು ದುಡಿಮೆಯ ನಷ್ಟವನ್ನು ಎಣಿಸಿತು.

ಕಾಲಮಿತಿ

2022ರ ಏಪ್ರಿಲ್ 1ರಿಂದ ಅಪಘಾತವಾದ 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕೆಂಬ ನಿಯಮ ಜಾರಿಗೆ ಬಂದಿದೆ. ಇದರ ಸಿಂಧುತ್ವವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ. ಗಾಯಾಳುಗಳು ಚಿಕಿತ್ಸೆ ಮುಗಿಯಲೆಂದು ಕಾಯದೆ ಅರ್ಜಿ ಹಾಕುವುದು ಕ್ಷೇಮ.